ಕಡೀ ರೊಟ್ಟಿ

ಅಡುಗೆಮನೆಯಲ್ಲಿ ರುದ್ರವ್ವ ರೊಟ್ಟಿ ಬಡಿಯತೊಡಗಿದಳೆಂದರೆ ಪುಣೆಯ ಬಿಬವೇವಾಡಿಯ ಆ ಕಟ್ಟಡಕ್ಕೆಲ್ಲ ಬೆಳಗಾದಂತೆ. ಮೇಲಿನ ಮನೆಯವರು ಹಾಲಿನ ಪಾತೇಲಿ ಹುಡುಕುತ್ತಿದ್ದರು, ಎದುರು ಮನೆಯ ಮುದುಕ ಕೆಮ್ಮಿ ಎದ್ದು ಕೂರುತ್ತಿದ್ದ. ಒಳಕೋಣೆಯಲ್ಲಿ ಮಂಚದ ತುದಿಗೆ ಕೂತ ಅನುಸೂಯಾ ಮಾತ್ರ ಆ ಸದ್ದಿನಲ್ಲಿ ತಪ್ಪು ಹುಡುಕುತ್ತಿದ್ದಳು. ಅತ್ತೆಯ ಕೈ ನಡುನಡುವೆ ತಡವರಿಸುತ್ತದೆ. ಬಲಗೈ ಬಡಿಯುತ್ತಿರುವಾಗಲೇ ಎಡಗೈ ರೊಟ್ಟಿಯನ್ನು ತಿರುಗಿಸುತ್ತ ಹೋಗಬೇಕು. ಎಪ್ಪತ್ತಕ್ಕೆ ಹತ್ತಿರವಾದ ಮಣಿಕಟ್ಟು ಅದಕ್ಕೆ ಒಗ್ಗುತ್ತಿರಲಿಲ್ಲ.

ಮೊದಲು ಹೀಗಿರಲಿಲ್ಲ. ಬಡಿಯುವುದು ಅನುಸೂಯಾಳ ಕೆಲಸ, ಬೇಯಿಸುವುದು ಅತ್ತೆಯ ಕೆಲಸ. ಮದುವೆಯಾಗಿ ಪುಣೆಗೆ ಬಂದಾಗಿನಿಂದ ಇಬ್ಬರೂ ಒಂದೇ ಒಲೆಯ ಎರಡು ಬದಿಗೆ ಕೂತು ಮಾರ್ಕೆಟ್ ಯಾರ್ಡಿನ ಕನ್ನಡ ಗುಮಾಸ್ತರಿಗೂ ಅಲ್ಲಿಯ ಒಂದು ಖಾನಾವಳಿಗೂ ಜೋಳದ ರೊಟ್ಟಿ ಮಾಡಿ ಕಳಿಸುತ್ತ ಬಂದಿದ್ದರು. ಅನುಸೂಯಾ ಬಡಿದ ರೊಟ್ಟಿ ಹಂಚಿನ ಮೇಲೆ ಬಿದ್ದದ್ದೇ ತಡ, ಯಾರೋ ಕರೆದ ಹಾಗೆ ಉಬ್ಬಿ ಎದ್ದು ಬರುತ್ತದೆ ಅನ್ನುತ್ತಿದ್ದ ಖಾನಾವಳಿಯ ಮುರುಗೆಪ್ಪ.

ಈಗ ಅವಳ ಕೈಯಲ್ಲಿದ್ದದ್ದು ಸಣ್ಣದೊಂದು ಬಾಗಿದ ಕತ್ತರಿ.

"ದೀಪಾ, ಕನ್ನಡಿ ಸ್ವಲ್ಪ ಕೆಳಗ ಹಿಡಿ. ಬುಡ ಕಾಣವಲ್ದು."

ಮಗಳು ದೀಪಾಲಿ ಶಾಲೆಯ ಯೂನಿಫಾರ್ಮಿನಲ್ಲೇ ನೆಲಕ್ಕೆ ಮೊಣಕಾಲೂರಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಅರ್ಧ ತಿಂದ ಬಿಸ್ಕೀಟು. "ಗುಂಡ್ಯಾ ಇವತ್ತ ಭಾಳ ಶಾಣ್ಯಾ ಆಗ್ಯಾನ ಮಮ್ಮಿ. ಸುಮ್ಮನ ಕೂತಾನ."

"ಉಪಾಸ ಅದಾನಲ್ಲ, ಅದಕ್ಕ. ನಾ ಚಹಾ ಕುಡೀಲಿ, ಆಮ್ಯಾಲೆ ನೋಡು ಅವನ ಆಟ."

ಗುಂಡ್ಯಾ ಎಂದರೆ ಅನುಸೂಯಾಳ ಹೊಟ್ಟೆಯ ಬಲಬದಿಗೆ ಹೊರಬಂದಿದ್ದ ಕರುಳಿನ ತುದಿ. ವರ್ಷಾನುಗಟ್ಟಲೆ ರಕ್ತ ಬಿದ್ದು ಬಿದ್ದು ದೊಡ್ಡ ಕರುಳು ಕೆಟ್ಟುಹೋಗಿ, ಕಳೆದ ಗಣಪತಿ ಹಬ್ಬದ ಹೊತ್ತಿಗೆ ಡಾಕ್ಟರರು ಅದನ್ನು ಪೂರ್ತಿ ತೆಗೆದುಹಾಕಿದ್ದರು. ಸಣ್ಣ ಕರುಳಿನ ತುದಿಯನ್ನು ಹೊಟ್ಟೆಗೇ ತೂತು ಮಾಡಿ ಹೊರಗೆ ಕೂರಿಸಿದ್ದರು. ಕೆಂಪಗೆ, ಒದ್ದೆಯಾಗಿ, ಸಣ್ಣ ಟೊಮೆಟೊದ ಹಾಗೆ. ಅದರ ಸುತ್ತ ಚರ್ಮಕ್ಕೆ ಅಂಟುವ ಒಂದು ಬಿಲ್ಲೆ, ಬಿಲ್ಲೆಗೆ ಸಿಕ್ಕಿಸಿದ ಚೀಲ. ತಿಂದದ್ದು ಕುಡಿದದ್ದು ಅದರ ಪಾಡಿಗೆ ಅದು ಬಂದು ಚೀಲಕ್ಕೆ ಬೀಳುತ್ತದೆ, ತಡೆಯುತ್ತೇನೆಂದರೆ ತಡೆಯಲಾಗದು. ಚೀಲ ಭಾರವಾಗುವ ಮೊದಲೇ ಬಚ್ಚಲಿಗೆ ಹೋಗಿ ಬರಿದು ಮಾಡಬೇಕು, ಮೂರು ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಏನೂ ತಿನ್ನುವ ಮೊದಲು ಬಿಲ್ಲೆ ಬದಲಿಸಬೇಕು. ಬಿಲ್ಲೆಯ ತೂತು ಗುಂಡ್ಯಾನ ಅಳತೆಗೆ ಸರಿಯಾಗಬೇಕು. ದೊಡ್ಡದಾದರೆ ಚರ್ಮ ಸುಡುತ್ತದೆ, ಸಣ್ಣದಾದರೆ ಅವನಿಗೆ ಇಕ್ಕಟ್ಟು. "ಇದು ಕಾಯಂ," ಅಂದಿದ್ದರು ಡಾಕ್ಟರು. ಆ ಮಾತು ಕೇಳಿ ಅನುಸೂಯಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಹೆಸರಿಟ್ಟವಳು ದೀಪಾಲಿ. ಹೆಸರಿಟ್ಟರೆ ಅಂಜಿಕೆ ಹೋಗುತ್ತದೆ ಎಂಬುದು ಅವಳ ಲೆಕ್ಕ.

"ಇಲ್ಲಿ ಕೆಂಪಾಗೇದ ನೋಡು. ಉರೀತದೇನು?"

"ಸ್ವಲ್ಪ. ಹೋಗ್ತದ ಬಿಡು. ನಿನ್ನ ಬಸ್ಸು ಬಂತು, ಓಡು."

ಬಚ್ಚಲಿನಿಂದ ಒದ್ದೆ ತಲೆಯಲ್ಲಿ ಹೊರಬಂದ ಮನೋಹರ, "ಆತೇನು ಅನು?" ಎಂದು ಬಾಗಿಲ ಹೊರಗಿನಿಂದಲೇ ಕೇಳಿದ. ಅವನು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಂಗಡಿಯ ಗುಮಾಸ್ತ. ಹೆಂಡತಿಯ ಔಷಧಿ, ಚೀಲ, ಬಿಲ್ಲೆ ಎಲ್ಲ ತಪ್ಪದೆ ತಂದುಹಾಕುತ್ತಿದ್ದ. ತಂದದ್ದನ್ನು ಕಪಾಟಿನಲ್ಲಿಟ್ಟು ಬೆನ್ನು ತಿರುಗಿಸುತ್ತಿದ್ದ.

ಬಚ್ಚಲಿನ ಸರದಿಯೂ ಬದಲಾಗಿತ್ತು. ಮೊದಲು ಸೊಸೆಯ ಸ್ನಾನವಾದ ಮೇಲೆ ಅತ್ತೆ ಹೋಗುತ್ತಿದ್ದಳು. ಅನುಸೂಯಾ ಆಸ್ಪತ್ರೆಯಿಂದ ಬಂದ ಮೇಲೆ ರುದ್ರವ್ವ ಕತ್ತಲಿರುವಾಗಲೇ ಎದ್ದು, ಎಲ್ಲರಿಗಿಂತ ಮೊದಲು ಮೈ ತೊಳೆದುಕೊಂಡು, ಲಿಂಗಪೂಜೆ ಮುಗಿಸಿಬಿಡುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅದನ್ನೆಲ್ಲ ಅನುಸೂಯಾ ನುಂಗಿಕೊಂಡಾಳು. ನುಂಗಲಾಗದ್ದು ಒಂದೇ, ಕಡೀ ರೊಟ್ಟಿ.

ಆರ್ಡರಿನ ರೊಟ್ಟಿಯೆಲ್ಲ ಬಟ್ಟೆ ಸುತ್ತಿಕೊಂಡು ಹೋದ ಮೇಲೆ ಹಿಟ್ಟು ನಾದಿದ ಪರಾತದ ಅಂಚಿಗೆ, ಬೆರಳ ಸಂದಿಗೆ ಅಂಟಿದ್ದನ್ನೆಲ್ಲ ಬಳಿದರೆ ಕೊನೆಯದೊಂದು ರೊಟ್ಟಿಯಾಗುತ್ತಿತ್ತು. ದಪ್ಪ, ಸಣ್ಣದು, ಸೊಟ್ಟ. ಮಾರುವಂಥದ್ದಲ್ಲ. ಮನೋಹರ ಅಂಗಡಿಗೆ ಹೋಗಿ, ದೀಪಾಲಿ ಶಾಲೆಗೆ ಹೋಗಿ, ಮನೆ ಸದ್ದಿಲ್ಲದಾದಾಗ ಅತ್ತೆ ಸೊಸೆ ಅಡುಗೆಮನೆಯ ಗೋಡೆಗೊರಗಿ ಕಾಲು ಚಾಚಿ ಅದನ್ನು ಒಂದೇ ತಾಟಿನಲ್ಲಿ ಮುರಿದು ತಿನ್ನುತ್ತಿದ್ದರು, ಮೇಲೊಂದಿಷ್ಟು ಬೆಣ್ಣೆ, ಬದಿಗೆ ಕೆಂಪು ಖಾರ. ನಿಗಡಿಯಲ್ಲಿರುವ ನಾದಿನಿ ನೀತಾಳ ಗಂಡನ ಜಿಪುಣತನ, ಪಕ್ಕದ ಕಟ್ಟಡದ ಕಾಶವ್ವನ ಹೊಸ ಬಳೆ, ಮನೋಹರನ ಗೊರಕೆ, ಎಲ್ಲವೂ ಆ ತಾಟಿಗೆ ಬರುತ್ತಿತ್ತು. ದೊಡ್ಡ ಅರ್ಧ ಯಾರ ಕಡೆ ಬಂತೆಂದು ಜಗಳವೂ ಆಗುತ್ತಿತ್ತು. ರುದ್ರವ್ವ ನಕ್ಕರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ನಗೆ ಕೇಳಿ ಎಷ್ಟು ತಿಂಗಳಾಯಿತು!

ಈಗ ಅನುಸೂಯಾಳಿಗೆ ಬೇರೆ ತಾಟು. ಅಂಚು ತಗ್ಗಾದ ಸ್ಟೀಲಿನ ತಾಟು, ಮೆತ್ತಗಿನ ಅನ್ನ, ಮೊಸರು. ಮೆತ್ತಗಿನ ಊಟವೇ ಇರಲಿ ಎಂದು ಮೊದಮೊದಲು ಡಾಕ್ಟರೇ ಹೇಳಿದ್ದರು. ಈಗ ಆಸ್ಪತ್ರೆಯ ಶಾಮಲಾ ಸಿಸ್ಟರ್ ರೊಟ್ಟಿ ತಿನ್ನಬಹುದು, ನುಣ್ಣಗೆ ಅಗಿಯಬೇಕು, ಶೇಂಗಾ ಕೊಬ್ಬರಿ ಎಳ್ಳು ಬೇಡ ಎಂದಿದ್ದಳು. ಆದರೂ ತಾಟು ಬದಲಾಗಲಿಲ್ಲ. ಅದನ್ನು ಬೇರೆಯೇ ತಿಕ್ಕಿ ಕಿಟಕಿಯಲ್ಲಿ ಬೋರಲು ಹಾಕುತ್ತಿದ್ದಳು ರುದ್ರವ್ವ.

"ಅತ್ತೀ, ಇವತ್ತ ನಾ ಬಡೀಲೇನ್ರಿ?" ಅನುಸೂಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಬ್ಯಾಡವ್ವ. ಹೊಟ್ಟಿ ಅಲಗ್ತದ."

"ಸಿಸ್ಟರ್ ಈಗ ಮಾಡಬಹುದು ಅಂದಾರ್ರಿ. ಪಟ್ಟಿ ಕಟಗೊಂಡು ಕೂತ್ರ ಏನೂ ಆಗೂದಿಲ್ಲಂತ."

"ಸಿಸ್ಟರ್ ಯಾವಾಗ ರೊಟ್ಟಿ ಬಡದಾಳ? ಹೋಗು, ಆರಾಮ ಮಾಡು."

ಆರಾಮ ಎಂಬ ಮಾತು ಕೇಳಿದರೆ ಅನುಸೂಯಾಳಿಗೆ ಮೈ ಉರಿಯುತ್ತಿತ್ತು. ಅತ್ತೆ ಕಡೀ ರೊಟ್ಟಿಯನ್ನು ಒಬ್ಬಳೇ ಒಲೆಯ ಮುಂದೆ ಕೂತು ತಿನ್ನುವುದನ್ನು ಅವಳು ಒಳಕೋಣೆಯಿಂದ ಕೇಳುತ್ತಿದ್ದಳು. ಮುರಿಯುವ ಸದ್ದು, ನೀರಿನ ತಂಬಿಗೆ ನೆಲಕ್ಕಿಡುವ ಸದ್ದು. ಮಾತಿಲ್ಲ.

ಒಂದು ಸಂಜೆ ನಾಲ್ವರೂ ಊಟಕ್ಕೆ ಕೂತಿದ್ದರು. ಮನೋಹರ ಅಂಗಡಿಯ ಸುದ್ದಿ ಹೇಳುತ್ತಿದ್ದ. ನಡುವೆ ಗುಂಡ್ಯಾ ಉದ್ದಕ್ಕೆ ಗುರ್ರ್ ಎಂದು, ಕೊನೆಗೊಂದು ಪುಸ್ ಎಂದು ಸುಮ್ಮನಾದ. ಮನೋಹರನ ಮಾತು ಅಲ್ಲಿಗೇ ನಿಂತಿತು. ಅವನು ತಾಟಿನಲ್ಲಿ ಏನೋ ಹುಡುಕುವವನಂತೆ ಬಗ್ಗಿದ.

"ಗುಂಡ್ಯಾ ಢೇಕರ್ ಬಿಟ್ಟ!" ತೇಗು ಕೇಳಿದವಳಂತೆ ದೀಪಾಲಿ ನಕ್ಕಳು.

ರುದ್ರವ್ವ ಎತ್ತಿದ ತುತ್ತನ್ನು ಕೆಳಗಿಟ್ಟಳು. ತಾಟಿನಲ್ಲೇ ಕೈ ತೊಳೆದು ಎದ್ದಳು.

"ಅಜ್ಜೀ, ನಿನಗ ಹೇಸಿಗಿ ಬಂತೇನು?"

"ದೀಪಾಲಿ!" ಮನೋಹರ ಗದರಿದ.

"ಖರೇನ ಕೇಳ್ದೆ ಪಪ್ಪಾ. ಮಮ್ಮಿ ತಾಟು ಯಾಕ ಬ್ಯಾರೆ? ನಾ ಕನ್ನಡಿ ಹಿಡೀತೀನಿ, ನನಗೇನಾಗೇದ?"

"ನನಗ ಹಸಿವಿಲ್ಲ, ಎದ್ದೆ," ಎಂದಳು ರುದ್ರವ್ವ. "ಕಂಡಿದ್ದಕ್ಕೆಲ್ಲ ಹೆಸರಿಡ್ಲಿಕ್ಕೆ ಅದೇನ್ ನಾಯಿಮರಿ ಏನು?"

ಅನುಸೂಯಾ ಅನ್ನ ಕಲಸಿದಳು, ಇನ್ನೂ ಕಲಸಿದಳು, ಅದು ಗಂಜಿಯಾಯಿತು.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಚರ್ಮದ ಕೆಂಪು ಹರಡಿತು. ತೂತು ಒಂಚೂರು ದೊಡ್ಡದಾಗಿ ಕತ್ತರಿಸಿದ್ದರಿಂದಲೋ ಏನೋ, ಚೀಲಕ್ಕೆ ಬೀಳಬೇಕಾದದ್ದು ಬಿಲ್ಲೆಯ ಕೆಳಗೆ ಜಿನುಗಿ ಹಸಿ ಗಾಯ ಮಾಡಿತ್ತು. ಬಿಲ್ಲೆ ಬದಲಿಸುವ ದಿನ ಬಂದಾಗ ದೀಪಾಲಿ ಮನೆಯಲ್ಲಿರಲಿಲ್ಲ, ಪರೀಕ್ಷೆಯೆಂದು ಬೇಗ ಹೋಗಿದ್ದಳು. ಅನುಸೂಯಾ ಕನ್ನಡಿಯನ್ನು ದಿಂಬಿಗೆ ಒರಗಿಸಿ ಒಬ್ಬಳೇ ಕೂತಳು. ಬೆಚ್ಚಗಿನ ನೀರಲ್ಲದ್ದಿದ ಬಟ್ಟೆ ತಾಗಿದ್ದೇ ತಡ, ಸೆರಗಿನ ತುದಿ ಬಾಯಿಗೆ ತುರುಕಿಕೊಂಡರೂ ಅಳು ಹೊರಬಂತು.

ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತು.

ರುದ್ರವ್ವ ಬಂದು ಹೊಸ್ತಿಲ ಆಚೆ ನಿಂತಳು. ಸೊಸೆಯ ಬರಿ ಹೊಟ್ಟೆಯನ್ನು ಅವಳು ನೋಡಿದ್ದು ಅದೇ ಮೊದಲು. ನೋಡಿ ಹಿಂತಿರುಗಿದಳು. ಹೋದಳೆಂದುಕೊಂಡಳು ಅನುಸೂಯಾ. ಆದರೆ ಒಂದು ವಾಟಿಯಲ್ಲಿ ಔಡಲೆಣ್ಣೆ ಬಿಸಿ ಮಾಡಿಕೊಂಡು ಮತ್ತೆ ಬಂದಳು. ಈ ಸಲ ಹೊಸ್ತಿಲು ದಾಟಿದಳು.

"ಕೈ ತಗಿ."

"ಅತ್ತೀ..."

"ಕೈ ತಗಿ ಅಂದೆ. ದೀಪಾ ಸಣ್ಣಾಕಿದ್ದಾಗ ತೊಡೀ ಸಂದಿ ಹಿಂಗ ಕೆಂಪಾದ್ರ ಇದನ್ನ ಹಚ್ತಿದ್ದೆ ನಾ. ಬೆಳಗಾಗೂದ್ರಾಗ ಮಾಯ್ತಿತ್ತು."

ಎಣ್ಣೆ ಹಚ್ಚಬಾರದು. ಶಾಮಲಾ ಸಿಸ್ಟರ್ ಬೆರಳೆತ್ತಿ ಹೇಳಿದ್ದಳು. ನೀರು ಬಿಟ್ಟು ಬೇರೇನೂ ಬೇಡ, ತಾನು ಕೊಟ್ಟ ಪುಡಿಯೊಂದನ್ನು ಬಿಟ್ಟು. ಎಣ್ಣೆ ಮುಟ್ಟಿದ ಚರ್ಮಕ್ಕೆ ಬಿಲ್ಲೆ ಹಿಡಿಯದು. ಅನುಸೂಯಾಳ ಬಾಯಿಗೆ ಆ ಮಾತು ಬಂದಿತ್ತು. ಅಷ್ಟರಲ್ಲಿ ಅತ್ತೆಯ ಎರಡು ಬೆರಳು ಹೊಟ್ಟೆಗೆ ತಾಗಿದವು. ಹಂಚಿನ ಬಿಸಿ ಇನ್ನೂ ಆರದ ಬೆರಳು. ಜೋಳದ ಹಿಟ್ಟಿನ ವಾಸನೆ. ಆ ಬೆರಳು ಗುಂಡ್ಯಾನ ಸುತ್ತ ಮೆಲ್ಲಗೆ ಒಂದು ಸುತ್ತು ಬಂದವು. ಒಂದು ಕಡೆ ಅವನಿಗೇ ತಾಗಿ ಬೆಚ್ಚಿ ಹಿಂದೆ ಸರಿದವು.

"ಬ್ಯಾನಿ ಆತೇನು?"

"ಇಲ್ರಿ. ಅದಕ್ಕೇನೂ ಗೊತ್ತಾಗೂದಿಲ್ಲ."

"ಪುಣ್ಯವಂತ," ಎಂದಳು ರುದ್ರವ್ವ. ಮತ್ತೊಮ್ಮೆ ಬೆರಳನ್ನು ಎಣ್ಣೆಗೆ ಅದ್ದಿದಳು.

ಅವಳು ಹೋದ ಮೇಲೆ ಅನುಸೂಯಾ ಒಣಬಟ್ಟೆ ತೆಗೆದುಕೊಂಡು ಎಣ್ಣೆ ಒರೆಸಿದಳು. ಪೂರ್ತಿ ಒರೆಸಲಿಲ್ಲ. ಹೊಸ ಬಿಲ್ಲೆ ಅಂಟಿಸಿ, ಅಂಗೈಯ ಬಿಸಿ ತಾಗುವಂತೆ ಬಹಳ ಹೊತ್ತು ಒತ್ತಿ ಹಿಡಿದಳು. ಹಿಡಿದಂತೆಯೇ ಕಂಡಿತು.

ಮರುದಿನ ಮಧ್ಯಾಹ್ನ ಕಾಶವ್ವನ ಮನೆಯಲ್ಲಿ ಅರಿಶಿಣ-ಕುಂಕುಮ, ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಪುಣೆಯಲ್ಲಿ ಮನೆಮನೆಗೂ ನಡೆಯುವಂಥದ್ದು. ಪುಣೆಗೆ ಬಂದ ಮೇಲೆ ಕನ್ನಡದ ಹೆಂಗಸರೂ ಸಂಕ್ರಾಂತಿಗೆ ಕಪ್ಪು ಸೀರೆ ಉಡುವುದು ಕಲಿತಿದ್ದರು. "ನೀನೂ ಬಾ. ಎಷ್ಟ ದಿನ ಒಳಗ ಕೂಡ್ತಿ?" ಎಂದು ರುದ್ರವ್ವನೇ ಕರೆದಳು. ಅನುಸೂಯಾಳಿಗೆ ಆ ಕರೆಯೇ ಹಬ್ಬವಾಯಿತು. ಮದುವೆಯ ಮರುವರ್ಷ ತೆಗೆದುಕೊಂಡ ಕಪ್ಪು ಸೀರೆ ಹೊರಬಂತು. ತುರುಬಿಗೆ ಅತ್ತೆಯೇ ಹೂವು ಸಿಕ್ಕಿಸಿದಳು.

ಕಾಶವ್ವನ ಪಡಸಾಲೆಯಲ್ಲಿ ಹಾಸಿದ ಸತರಂಜಿಯ ಮೇಲೆ ಹೆಂಗಸರು ತುಂಬಿದ್ದರು. "ಬಾರವಾ ಅನುಸೂಯಾ, ಸೊರಗಿದ್ರೂ ಚಂದ ಕಾಣ್ತಿ," ಎಂದು ಯಾರೋ ಅಂದರು. ಎಳ್ಳಿನ ಉಂಡೆಯ ತಾಟು ಬಂದಾಗ ರುದ್ರವ್ವ ಮೊಣಕೈಯಿಂದ ತಿವಿದಳು. "ತಿನ್ನಬ್ಯಾಡ, ಎಳ್ಳು. ಸೆರಗಿನ್ಯಾಗ ಇಟಗೋ." ಅನುಸೂಯಾ ನಗುತ್ತ ಇಟ್ಟುಕೊಂಡಳು. ಆಗಲೇ ಹೊಟ್ಟೆಯ ಬದಿಗೆ ಬೆಚ್ಚಗಾಯಿತು. ಮೊದಲು ಬೆವರೆಂದುಕೊಂಡಳು. ಅದು ಸೊಂಟಕ್ಕಿಳಿಯಿತು, ತೊಡೆಗಿಳಿಯಿತು.

ಮಾತು ಒಮ್ಮೆಲೇ ನಿಲ್ಲಲಿಲ್ಲ. ಒಂದೊಂದೇ ಬಾಯಿ ಸುಮ್ಮನಾಯಿತು. ಒಬ್ಬಳು ಎದ್ದು ಕಿಟಕಿ ತೆಗೆದಳು. ಕಾಶವ್ವ ದೇವರ ಮುಂದೆ ಉರಿಯುತ್ತಿದ್ದ ಊದಬತ್ತಿಯ ಪಕ್ಕ ಇನ್ನೊಂದು ಹಚ್ಚಿದಳು. ಸ್ವಲ್ಪ ಹೊತ್ತಿಗೆ ಮತ್ತೊಂದು. ಯಾರೂ ಅನುಸೂಯಾಳ ಕಡೆ ನೋಡಲಿಲ್ಲ. ಯಾರೂ ನೋಡದಿರುವುದೇ ಅವಳಿಗೆ ಸಾಕಾಗಿತ್ತು.

"ನಡಿ," ಎಂದು ರುದ್ರವ್ವ ಎದ್ದಳು.

ಮನೆಯವರೆಗೆ ಅವಳು ಸೊಸೆಯ ಬೆನ್ನಿಗೆ ಅಂಟಿಕೊಂಡೇ, ತನ್ನ ಸೆರಗನ್ನು ಅಗಲಕ್ಕೆ ಹರಡಿ ಹಿಡಿದು ನಡೆದಳು. ಹಿಂದಿನಿಂದ ಕಾಶವ್ವನ ದನಿ ಬಂತು, ಬೆಲ್ಲಕ್ಕಿಂತ ಸಿಹಿಯಾಗಿ: "ಇರ್ಲಿ ಬಿಡ್ರಿ ರುದ್ರವ್ವಾ, ಸತರಂಜಿ ತೊಳದ್ರ ಹೋಗ್ತದ."

ಬಚ್ಚಲಿನಲ್ಲಿ ಸೀರೆ ಬಿಚ್ಚಿದಾಗ ಬಿಲ್ಲೆ ತಾನಾಗಿಯೇ ಜಾರಿ ಕೈಗೆ ಬಂತು. ಅದರ ಹಿಂಬದಿ ಎಣ್ಣೆಯಿಂದ ಮಿರಿಮಿರಿ ಹೊಳೆಯುತ್ತಿತ್ತು. ಅನುಸೂಯಾ ಮೈ ತೊಳೆದು, ಸೀರೆ ತೊಳೆದು, ಬಚ್ಚಲು ತೊಳೆದು ಹೊರಬರುವ ಹೊತ್ತಿಗೆ ಮನೋಹರ ಬಂದು ಚಹಾ ಕುಡಿಯುತ್ತಿದ್ದ. ದೀಪಾಲಿ ಅಭ್ಯಾಸಕ್ಕೆ ಕೂತಿದ್ದಳು. ರುದ್ರವ್ವ ಜೋಳ ಹಸನು ಮಾಡುತ್ತಿದ್ದಳು.

"ಎಣ್ಣಿ ಹಚ್ಚಂತ ಯಾರು ಹೇಳಿದ್ರು ನಿಮಗ?"

ರುದ್ರವ್ವ ತಲೆಯೆತ್ತಿದಳು. "ಉರೀತದಂತ ಅಳ್ಲಿಕ್ಕತ್ತಿದ್ದಿ..."

"ಅಳ್ತಿದ್ರ ಒಬ್ಬಾಕಿನ ಅಳ್ತಿದ್ದೆ. ಹತ್ತ ಮಂದಿ ಮುಂದ ಮಾನ ಹೋಗ್ತಿರ್ಲಿಲ್ಲ."

"ನನಗೇನ್ ಗೊತ್ತವ್ವಾ, ಎಣ್ಣಿಗೆ ಅದು ಹಿಡಿಯೂದಿಲ್ಲಂತ."

"ಗೊತ್ತಿಲ್ಲದಿದ್ರ ದೂರ ಇರಬೇಕು. ದೂರನ ಇದ್ರಿ ಅಲ್ಲ ಇಷ್ಟ ದಿನ! ತಾಟು ಬ್ಯಾರೆ ಮಾಡಿದ್ರಿ. ನನಗಿಂತ ಮೊದಲ ಬಚ್ಚಲಕ್ಕ ಹೋದ್ರಿ. ಕಡೀ ರೊಟ್ಟಿ ಒಬ್ಬರ ತಿಂದ್ರಿ. ಎಣ್ಣಿ ಹಚ್ಚಾಕಷ್ಟ ಯಾಕ ಬಂದ್ರಿ?"

"ಅನು, ಸಾಕು," ಎಂದ ಮನೋಹರ.

"ಸಾಕಾಗೇದ್ರಿ, ಖರೇನ ಸಾಕಾಗೇದ."

ರುದ್ರವ್ವ ಮೊರದ ಮೇಲಿದ್ದ ತನ್ನ ಬಲಗೈಯ ಎರಡು ಬೆರಳನ್ನು ನೋಡಿಕೊಂಡಳು. ಆಮೇಲೆ ಜೋಳವನ್ನು ಡಬ್ಬಿಗೆ ಸುರಿದು, ಮೊರವನ್ನು ಗೋಡೆಗೆ ಒರಗಿಸಿಟ್ಟಳು. ಬೆಳಿಗ್ಗೆ ಮಗಳು ನೀತಾಳಿಗೆ ಫೋನು ಮಾಡಿ, "ನಾಕ ದಿನ ಬರ್ತೀನವಾ," ಎಂದಳು. ಎರಡು ಸೀರೆ, ಪೂಜೆಯ ಸಾಮಾನು ಒಂದು ಕೈಚೀಲದಲ್ಲಿ. ಮನೋಹರ ನಿಗಡಿಯವರೆಗೆ ಬಿಟ್ಟು ಬಂದ.

ನಾಲ್ಕು ದಿನ ಎಂದೋ ಮುಗಿದವು.

ರೊಟ್ಟಿಯ ಆರ್ಡರು ಬಿಡುವಂತಿರಲಿಲ್ಲ. ಅನುಸೂಯಾ ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡು ಪರಾತದ ಮುಂದೆ ಕೂತಳು. ಇಷ್ಟು ತಿಂಗಳು ಇದಕ್ಕಾಗಿಯೇ ಕೈ ತುರಿಸುತ್ತಿತ್ತು. ಈಗ ಎದುರಿಗೆ ಬೇಯಿಸುವವರಿಲ್ಲ. ಶಾಲೆಗೆ ಹೋಗುವವರೆಗೆ ದೀಪಾಲಿ ಹಂಚಿನ ಹತ್ತಿರ ಕೂರುತ್ತಿದ್ದಳು, ನೀರು ಸವರಲು ಹೋಗಿ ಬೆರಳು ಸುಟ್ಟುಕೊಂಡು "ಆಯ್ ಗ!" ಎನ್ನುತ್ತಿದ್ದಳು. ಮೊದಲ ದಿನ ರೊಟ್ಟಿ ಹರಿದವು. ವಾರ ಕಳೆಯುವಷ್ಟರಲ್ಲಿ ಕೈಗೆ ಹಳೆಯ ಲಯ ಬಂತು. ಮುರುಗೆಪ್ಪ ಫೋನು ಮಾಡಿ, "ರೊಟ್ಟಿ ಮತ್ತ ಎದ್ದು ಬರ್ಲಿಕ್ಕತ್ತಾವಲ್ರಿ ಬಾಯಾರ!" ಎಂದ. ಫೋನಿಟ್ಟ ಅನುಸೂಯಾ ಯಾರಿಗೆ ಹೇಳಲೆಂದು ಅತ್ತಿತ್ತ ನೋಡಿದಳು.

ದಿನವೂ ಕಡೀ ರೊಟ್ಟಿ ಆಗುತ್ತಿತ್ತು. ಗೋಡೆಗೊರಗಿ ಕೂತು, ರೂಢಿಯ ಮೇಲೆ ಎರಡಾಗಿ ಮುರಿಯುತ್ತಿದ್ದಳು. ತನ್ನ ಅರ್ಧವನ್ನು ಮಜ್ಜಿಗೆಯಲ್ಲಿ ನೆನೆಸಿ ಅಗಿದು ಅಗಿದು ತಿನ್ನುವಳು. ಇನ್ನೊಂದು ಅರ್ಧ ತಾಟಿನ ಆಚೆಯ ಅಂಚಿನಲ್ಲಿ ಉಳಿಯುತ್ತಿತ್ತು. ಪಕ್ಕದ ಗೋಡೆಯ ಮೇಲೆ, ಅತ್ತೆಯ ತಲೆ ಒರಗುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯೊಂದಿತ್ತು. ದೀಪಾವಳಿಗೆ ಸುಣ್ಣ ಹೊಡೆಸಿದರೂ ಮತ್ತೆ ಎದ್ದು ಬಂದ ಕಲೆ. ತಿನ್ನುತ್ತ ತಿನ್ನುತ್ತ ಅನುಸೂಯಾಳ ಕಣ್ಣು ಅದರ ಮೇಲೆಯೇ ಇರುತ್ತಿತ್ತು. ಸಂಜೆಗೆ ಆ ಅರ್ಧ ರೊಟ್ಟಿ ಕಟ್ಟಿಗೆಯಾಗುತ್ತಿತ್ತು.

ರುದ್ರವ್ವ ಫೋನು ಮಾಡುತ್ತಿದ್ದಳು, ಮೊಮ್ಮಗಳಿಗೆ.

"ಹಿಟ್ಟಿನ ಡಬ್ಬಿ ಮುಚ್ಚಳ ಗಟ್ಟಿ ಹಾಕ್ರಿ, ಹುಳ ಬೀಳ್ತಾವ. ಎಸರು ಚಲೋ ಕಾಯಬೇಕಂತ ಹೇಳು ನಿಮ್ಮವ್ವಗ."

"ನೀನ ಹೇಳು ಅಜ್ಜಿ. ಕೊಡ್ಲೇನು ಮಮ್ಮಿಗೆ?"

"ಬ್ಯಾಡ. ಇಲ್ಲಿ ಗ್ಯಾಸಿನ ಮ್ಯಾಲೆ ಹಾಲು ಅದ."

ಅಲ್ಲಿಯೇ ಹಿಟ್ಟು ನಾದುತ್ತಿದ್ದ ಅನುಸೂಯಾ ಕೈ ಒರೆಸಿಕೊಂಡು ಕಾಯುತ್ತಿದ್ದಳು. ಫೋನು ಕಟ್ಟಾಗುತ್ತಿತ್ತು.

"ಅವ್ವನ್ನ ಕರ್ಕೊಂಡ ಬರ್ಲೇನು?" ಎಂದು ಮನೋಹರ ಒಂದು ದಿನ ಕೇಳಿದ.

"ನಾ ಹೋಗ್ರಿ ಅಂದಿಲ್ಲ."

"ಬರ್ರಿ ಅಂತನೂ ಅಂದಿಲ್ಲ."

"ನೀವೇನ್ ಅಂದ್ರಿ? ಅವತ್ತ ಬರೇ 'ಸಾಕು' ಅಂದ್ರಿ. ನನ್ನ ಪರನೂ ಇಲ್ಲ, ಅವರ ಪರನೂ ಇಲ್ಲ. ಗುಂಡ್ಯಾನ ಮಾರಿ ಒಂದ ಸಲನೂ ನೋಡಿಲ್ಲ ನೀವು."

ಮನೋಹರ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಮರುದಿನ ಬಿಲ್ಲೆ ಬದಲಿಸುವಾಗ ಹೊಸ್ತಿಲಲ್ಲಿ ಬಂದು ನಿಂತು, "ಕನ್ನಡಿ ನಾ ಹಿಡೀಲೇನು?" ಎಂದ. ಅವನು ಹಿಡಿದ ಕನ್ನಡಿಯಲ್ಲಿ ಮೇಲಿನ ಫ್ಯಾನು ಬಿಟ್ಟು ಏನೂ ಕಾಣಲಿಲ್ಲ. ದೀಪಾಲಿ ಬಿದ್ದು ಬಿದ್ದು ನಕ್ಕಳು. ಅನುಸೂಯಾಳಿಗೂ ನಗೆ ಬಂತು.

ಆಸ್ಪತ್ರೆಯಲ್ಲಿ ಶಾಮಲಾ ಸಿಸ್ಟರ್ ಗಾಯ ನೋಡಿದಳು. ಪುಡಿ ಉದುರಿಸಿ, ಹೆಚ್ಚಾದದ್ದನ್ನು ಝಾಡಿಸಿ, ತೂತಿನ ಅಳತೆ ಹೊಸದಾಗಿ ತೆಗೆದುಕೊಟ್ಟಳು. "ಮಧ್ಯೇ ತೇಲ ಲಾವ್ಲಂತ ಕಾ?" ಎಂದು, ನಡುವೆ ಎಣ್ಣೆ ಹಚ್ಚಿದ್ದಿರಾ ಎಂದು, ಮರಾಠಿಯಲ್ಲಿ ಕೇಳಿದಳು. ಅನುಸೂಯಾ ಹೌದೆಂದು ತಲೆಯಾಡಿಸಿದಳು. "ಪಹಿಲ್ಯಾಚ ದಿವಶಿ ಸಾಂಗಿತ್ಲ ಹೋತ ನಾ ಮೀ!" ಮೊದಲ ದಿನವೇ ಹೇಳಿದ್ದೆನಲ್ಲ!

ಹೊರಗೆ ರಿಕ್ಷಾಕ್ಕೆ ಕಾಯುವಾಗ ಜೊತೆಗೆ ಬಂದಿದ್ದ ದೀಪಾಲಿ ಅವ್ವನ ಮುಖವನ್ನೇ ನೋಡಿದಳು. "ಮಮ್ಮಿ, ನಿನಗ ಮೊದಲ ಗೊತ್ತಿತ್ತು?"

ಅನುಸೂಯಾ ದೂರದ ರಿಕ್ಷಾವೊಂದಕ್ಕೆ ಕೈ ಮಾಡಿದಳು.

"ಗೊತ್ತಿದ್ದೂ ಅಜ್ಜಿನ್ನ ಅಷ್ಟ ಬೈದಿ?"

ರಿಕ್ಷಾ ಬಂತು. ದಾರಿಯುದ್ದಕ್ಕೂ ಮಗಳು ಇನ್ನೊಂದು ಬದಿಗೆ ನೋಡುತ್ತ ಕೂತಳು. ಇಳಿಯುವಾಗ ಒಂದೇ ಮಾತು ಹೇಳಿದಳು. "ಅಜ್ಜಿಗೆ ನೀನ ಹೇಳಬೇಕು. ಫೋನಿನ್ಯಾಗ ಅಲ್ಲ."

ಗಾಯ ಒಣಗಿ, ಬಿಲ್ಲೆ ನಂಬುವಂತಾದ ಮೇಲೆ ಒಂದು ದಿನ ಆರ್ಡರಿನ ರೊಟ್ಟಿ ಕಳಿಸಿ ಅನುಸೂಯಾ ಹೊರಟಳು. ಕಾಶವ್ವನ ಮನೆಯಿಂದ ಬಂದ ಮೇಲೆ ಆಸ್ಪತ್ರೆಯೊಂದನ್ನು ಬಿಟ್ಟು ಎಲ್ಲಿಗೂ ಹೋದವಳಲ್ಲ. ಕೈಚೀಲದಲ್ಲಿ ಇನ್ನೊಂದು ಬಿಲ್ಲೆ, ಇನ್ನೊಂದು ಚೀಲ, ಕತ್ತರಿ, ಒಂದು ಜೊತೆ ಬಟ್ಟೆ, ಉಪ್ಪು ಸಕ್ಕರೆ ಕಲಸಿದ ನೀರಿನ ಬಾಟಲಿ. ಎಲ್ಲಕ್ಕೂ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಕಡೀ ರೊಟ್ಟಿ, ಮುರಿಯದೆ ಇಟ್ಟದ್ದು. ಸ್ವಾರಗೇಟಿನಿಂದ ಪಿಂಪರಿಯವರೆಗೆ ಮೆಟ್ರೊ, ಅಲ್ಲಿಂದ ನಿಗಡಿಗೆ ಬಸ್ಸು. ಬಸ್ಸು ಕುಲುಕಿದಾಗಲೆಲ್ಲ ಸೀರೆಯ ಮೇಲಿಂದ ಬಿಲ್ಲೆಯ ಅಂಚನ್ನು ಮುಟ್ಟಿ ನೋಡಿಕೊಂಡಳು. ಪಕ್ಕದ ಹೆಂಗಸು ಬಸುರಿಯೆಂದುಕೊಂಡು ಕಿಟಕಿಯ ಸೀಟು ಬಿಟ್ಟುಕೊಟ್ಟಳು.

ಬಾಗಿಲು ತೆಗೆದ ನೀತಾ, "ವೈನಿ! ಒಬ್ಬರ ಬಂದ್ರೇನು?" ಎಂದು ಬೆರಗಾದಳು.

ರುದ್ರವ್ವ ಗ್ಯಾಲರಿಯ ಹತ್ತಿರ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಎದ್ದೇಳಲಿಲ್ಲ. ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬಸ್ಸಿನ್ಯಾಗ ಬಂದ್ಯಾ?"

"ಅರ್ಧ ಮೆಟ್ರೊ, ಅರ್ಧ ಬಸ್ಸು ರಿ."

"ಏನೂ ಆಗ್ಲಿಲ್ಲ?"

"ಏನೂ ಆಗ್ಲಿಲ್ರಿ."

ರುದ್ರವ್ವ ತಲೆ ಬಗ್ಗಿಸಿ ಮತ್ತೆ ಬಟಾಣಿ ಹಿಡಿದಳು. ಅನುಸೂಯಾ ನೀತಾಳ ಬಚ್ಚಲಿಗೆ ಹೋಗಿ ಚೀಲ ಬರಿದು ಮಾಡಿ, ಕೈಕಾಲು ತೊಳೆದು ಬಂದು ಎದುರಿಗೆ ಕೂತಳು. ಅಡುಗೆಮನೆಯಿಂದ ನೀತಾ, "ವೈನಿ, ನಿಮಗ ಅನ್ನ ಮೆತ್ತಗ ಮಾಡ್ತೀನಿ. ಮಜ್ಜಿಗಿ ಅದ, ಬರ್ತದಲ್ಲ?" ಎಂದು ಕೂಗಿದಳು. ಬಂದು ನೆಲದ ಮೇಲೆ ಎರಡು ತಾಟು ಇಟ್ಟಳು.

ಅನುಸೂಯಾ ಬಟ್ಟೆ ಬಿಚ್ಚಿ ರೊಟ್ಟಿಯನ್ನು ಅತ್ತೆಯ ಮುಂದಿನ ತಾಟಿಗೆ ಹಾಕಿದಳು. ರುದ್ರವ್ವ ಅದನ್ನು ತಿರುವಿ ನೋಡಿದಳು.

"ಅಂಚು ದಪ್ಪಾಗೇದ."

"ಕಡೀದಲ್ರಿ."

"ಕಡೀದಾದ್ರ? ಕೈ ನಿಂದ ಅಲ್ಲೇನು?"

ಅನುಸೂಯಾ ಒಂದು ಬಟಾಣಿ ಕಾಯಿ ಎತ್ತಿಕೊಂಡಳು. ಸುಲಿಯಲಿಲ್ಲ. "ಅತ್ತೀ, ಎಣ್ಣಿ ಹಚ್ಚಬಾರದಂತ ನನಗ ಮೊದಲ ಗೊತ್ತಿತ್ರಿ. ಸಿಸ್ಟರ್ ಹೇಳಿದ್ರು."

ರುದ್ರವ್ವನ ಬೆರಳು ನಿಂತವು. "ಗೊತ್ತಿತ್ತು?"

"ಹ್ಞೂಂರಿ."

"ಮತ್ತ ಬಾಯಿಗೇನಾಗಿತ್ತು? ಬ್ಯಾಡ ಅನ್ಲಿಕ್ಕೇನಾಗಿತ್ತು?"

"ನಿಮ್ಮ ಕೈ ಬಂದಿತ್ತಲ್ರಿ." ಅನುಸೂಯಾಳ ದನಿ ಸಣ್ಣದಾಯಿತು. "ಎಷ್ಟೋ ತಿಂಗಳಿಗೆ ಬಂದಿತ್ತು. ಬ್ಯಾಡ ಅನ್ಲಿಕ್ಕೆ ಮನಸು ಬರ್ಲಿಲ್ಲ. ಆಮ್ಯಾಲೆ ನಿಮ್ಮ ಮ್ಯಾಲೇ ಹಾಕಿದೆ."

ಕೆಳಗೆ ಬೀದಿಯಲ್ಲಿ ಕಾಯಿಪಲ್ಯೆ ಮಾರುವವನು ಕೂಗುತ್ತ ಹೋದ. ರುದ್ರವ್ವ ಸುಲಿದ ಸಿಪ್ಪೆಗಳನ್ನು ಒಂದೆಡೆ ಗುಡ್ಡೆ ಮಾಡಿದಳು.

"ಹೇಸಿಗಿ ಬಂದಿತ್ತು ಅನ್ಸೂ," ಎಂದಳು ಆಮೇಲೆ. "ಸುಳ್ಳ್ಯಾಕ ಹೇಳ್ಲಿ. ದೀಪಾ ಕೇಳಿದ್ದು ಖರೇನ ಇತ್ತು. ತಾಟು ನಾನ ಬ್ಯಾರೆ ಮಾಡ್ದೆ, ಡಾಕ್ಟರ್ ಅಲ್ಲ. ಪೂಜಿಗೆ ಕೂತ್ರೂ ನನಗ ನನ್ನ ಮ್ಯಾಲೆ ಸಿಟ್ಟು. ಅವತ್ತ ಎಣ್ಣಿ ಹಚ್ಚಿ ಕೈ ತೊಳೀಲಿಕ್ಕೆ ಹೋದೆ. ತೊಳೀತಾ ನೋಡ್ತೀನಿ, ಹೇಸಿಗಿ ಇಲ್ಲ. ಎಲ್ಲಿ ಹೋತೋ ಗೊತ್ತಿಲ್ಲ. ನಾಳಿಂದ ಕಡೀ ರೊಟ್ಟಿಗೆ ನಿನ್ನ ಕರೀಬೇಕು ಅನಕೊಂಡೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಮುಂಜಾನೆ ಕರೀಲಿಕ್ಕೆ ಬಾಯಿ ಬರ್ಲಿಲ್ಲ. ಮಧ್ಯಾಹ್ನ ಅಂದ್ರ ಆ ಕಾಶವ್ವನ ಅರಿಶಿಣ-ಕುಂಕುಮ ಬಂತು."

ಅನುಸೂಯಾ ಕೈಯಲ್ಲಿದ್ದ ಕಾಯಿಯನ್ನು ಸುಲಿದಳು. ಬಟಾಣಿ ನೆಲದ ಮೇಲೆ ಉರುಳಿದವು.

ರುದ್ರವ್ವ ಎರಡನೆಯ ತಾಟನ್ನು ಎತ್ತಿ ಪಕ್ಕಕ್ಕೆ ಸರಿಸಿದಳು. ರೊಟ್ಟಿಯನ್ನು ಮುರಿದಳು. ಒಂದು ಅರ್ಧವನ್ನು ಚೂರುಚೂರು ಮಾಡಿ ತಾಟಿನ ಒಂದು ಬದಿಗೆ ಹಾಕಿ, ಮೇಲೆ ಮಜ್ಜಿಗೆ ಸುರಿದು, ಅದೇ ಎರಡು ಬೆರಳಿನಿಂದ ಕಿವುಚತೊಡಗಿದಳು. ನೀತಾ ಅನ್ನದ ಪಾತ್ರೆ ಹಿಡಿದು ಹೊರಬಂದಳು.

ಅಷ್ಟರಲ್ಲಿ ಅನುಸೂಯಾಳ ಹೊಟ್ಟೆಯಿಂದ ಉದ್ದಕ್ಕೆ, ಯಾವ ಮುಲಾಜೂ ಇಲ್ಲದೆ, ಗುರ್ರ್ ಎಂಬ ಸದ್ದು ಬಂತು. ನೀತಾ ಪಾತ್ರೆ ಹಿಡಿದು ನಿಂತಲ್ಲೇ ನಿಂತಳು. ಅನುಸೂಯಾ ಸೀರೆಯ ಮೇಲಿಂದ ಹೊಟ್ಟೆಯನ್ನು ಒತ್ತಿ ಹಿಡಿದಳು.

ರುದ್ರವ್ವ ತಲೆಯೆತ್ತದೆ ಕಿವುಚುತ್ತಲೇ ಇದ್ದಳು.

"ತಡಿಯೋ ಗುಂಡ್ಯಾ," ಎಂದಳು. "ಆಕಿ ಅಗೀಲಿ ಮೊದಲ. ನಿನಗೂ ಬರ್ತದ."